ಮಿಡ್‌ನೈಟ್ ಮಾಸ್: 127 ಜನರ ದ್ವೀಪದಲ್ಲಿ ಒಂದು ತಪಸ್ಸುಕಾಲ

ಕ್ರಾಕೆಟ್ ಎಂಬ ಕಾಲ್ಪನಿಕ ದ್ವೀಪದ ಜನಸಂಖ್ಯೆ 127. ಮೀನುಗಾರಿಕೆಯನ್ನೇ ನಂಬಿ ಬದುಕಿದ್ದ ಊರು ಅದು. ಸಮುದ್ರಕ್ಕೆ ತೈಲ ಸೋರಿ ಮೀನು ಕೆಟ್ಟ ಮೇಲೆ ಕಂಪನಿ ಒಂದಿಷ್ಟು ಪರಿಹಾರ ಕೊಟ್ಟು ಕೈತೊಳೆದುಕೊಂಡಿದೆ. ಹೋಗಬಲ್ಲವರು ಮನೆಗಳಿಗೆ ಬೀಗ ಹಾಕಿ ಹೋಗಿದ್ದಾರೆ. ಹೋಗಲಾರದವರು ಮರದ ಪುಟ್ಟ ಚರ್ಚೊಂದರ ಸುತ್ತ ಉಳಿದುಕೊಂಡಿದ್ದಾರೆ. ದೂರದ ದಡಕ್ಕೂ ಈ ಊರಿಗೂ ಇರುವ ನಂಟೆಂದರೆ ಫೆರ್ರಿ ದೋಣಿ ಮಾತ್ರ. ಒಂದು ದಿನ ಈ ಊರಿಗೆ ಇಬ್ಬರು ಬರುತ್ತಾರೆ. ಒಬ್ಬ, ಕುಡಿದು ಕಾರು ಓಡಿಸಿ ಯುವತಿಯೊಬ್ಬಳ ಸಾವಿಗೆ ಕಾರಣನಾಗಿ ನಾಲ್ಕು ವರ್ಷ ಜೈಲಿನಲ್ಲಿದ್ದು ತಂದೆತಾಯಿಯ ಮನೆಗೆ ಮರಳುತ್ತಿರುವ ರೈಲಿ ಫ್ಲಿನ್. ಇನ್ನೊಬ್ಬರು, ಪುಣ್ಯಭೂಮಿಯ ಯಾತ್ರೆಗೆ ಹೋದ ವೃದ್ಧ ಗುರು ಪ್ರುಯಿಟ್ ಅವರ ಬದಲಿಗೆ ಬಂದವನು ತಾನೆಂದು ಹೇಳಿಕೊಳ್ಳುವ ಫಾದರ್ ಪಾಲ್. ಫಾದರ್ ಅವರ ಜೊತೆ ಮನುಷ್ಯನೊಬ್ಬ ಹಿಡಿಸುವಷ್ಟು ದೊಡ್ಡದೊಂದು ಪೆಟ್ಟಿಗೆಯೂ ಬಂದಿದೆ.

ಮೈಕ್ ಫ್ಲ್ಯಾನಗನ್ ನಿರ್ದೇಶಿಸಿದ ಏಳು ಕಂತುಗಳ ‘ಮಿಡ್‌ನೈಟ್ ಮಾಸ್’ ಸರಣಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು 2021ರ ಸೆಪ್ಟೆಂಬರ್ 24ರಂದು. ಭಯಾನಕ ಕಥೆಗಳ ಸಾಲಿನಲ್ಲಿ ಇದನ್ನು ಇಡುವುದು ರೂಢಿ. ಆದರೆ ನೋಡಿ ಮುಗಿಸಿದಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಓದಿ ಮುಗಿಸಿದ ದಪ್ಪ ಕಾದಂಬರಿಯೊಂದರ ಭಾರ. ಅದಕ್ಕೆ ಕಾರಣವಿದೆ: ಫ್ಲ್ಯಾನಗನ್ ಇದನ್ನು ಮೊದಲು ಬರೆಯಲು ಹೊರಟದ್ದು ಕಾದಂಬರಿಯಾಗಿಯೇ. ಏಳು ಕಂತುಗಳಿಗೂ ಬೈಬಲಿನಿಂದಲೇ ಹೆಸರು. ಆದಿಕಾಂಡದಲ್ಲಿ ಆರಂಭವಾಗಿ, ಕೀರ್ತನೆಗಳು, ಜ್ಞಾನೋಕ್ತಿಗಳು, ಪ್ರಲಾಪಗಳು ಎಂದು ಸಾಗಿ ಪ್ರಕಟನೆಯಲ್ಲಿ ಮುಗಿಯುತ್ತದೆ. ಹೆಸರುಗಳು ಅಲಂಕಾರಕ್ಕೆ ಇಟ್ಟವಲ್ಲ. ಪ್ರಲಾಪಗಳ ಕಂತಿನಲ್ಲಿ ನಿಜಕ್ಕೂ ಪ್ರಲಾಪವೇ ಇದೆ.

ಗಾಥಿಕ್ ಎಂದು ಕರೆಯಲಾಗುವ ಭಯಾನಕ ಕಥನಪ್ರಕಾರಕ್ಕೂ ಕಥೋಲಿಕ ಧರ್ಮಕ್ಕೂ ಹಳೆಯ ಸಂಬಂಧವಿದೆ, ಆದರೆ ಅದು ಸೌಹಾರ್ದದ ಸಂಬಂಧವಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಪ್ರಾಟೆಸ್ಟಂಟ್ ಲೇಖಕರು ಇಟಲಿಯ ಅಥವಾ ಸ್ಪೇನಿನ ಮಠಗಳನ್ನು, ಕಾಮುಕ ಸನ್ಯಾಸಿಗಳನ್ನು, ನೆಲಮಾಳಿಗೆಯ ಸೆರೆಮನೆಗಳನ್ನು ದೂರದಿಂದ ಕಲ್ಪಿಸಿಕೊಂಡು ತಮ್ಮ ಓದುಗರಿಗೆ ನಡುಕ ಹುಟ್ಟಿಸಿದರು. ಅಲ್ಲಿ ಶಿಲುಬೆ, ಧೂಪ, ಲ್ಯಾಟಿನ್ ಮಂತ್ರಗಳೆಲ್ಲ ರಂಗಸಜ್ಜಿಕೆಯ ಸಾಮಗ್ರಿಗಳಷ್ಟೇ. ಈ ಸರಣಿ ಬೇರೆಯಾಗುವುದು ಇಲ್ಲಿಯೇ. ಫ್ಲ್ಯಾನಗನ್ ಬಾಲ್ಯದಲ್ಲಿ ಚರ್ಚಿನ ಪೀಠಸೇವಕರಾಗಿ, ಎಂದರೆ ಪೂಜೆಯಲ್ಲಿ ಗುರುವಿಗೆ ನೆರವಾಗುವ ಹುಡುಗರಾಗಿ, ಇದ್ದವರು. ಬಲಿಪೂಜೆಯಲ್ಲಿ (ಮಾಸ್) ಯಾವ ಮಾತಿಗೆ ಜನ ಎದ್ದು ನಿಲ್ಲುತ್ತಾರೆ, ಯಾವ ಮಾತಿಗೆ ಮೊಣಕಾಲೂರುತ್ತಾರೆ ಎಂಬುದು ಅವರಿಗೆ ಮೈಗೆ ಹತ್ತಿದ ವಿದ್ಯೆ. ಹೀಗಾಗಿ ಇಲ್ಲಿನ ಭಯವು ಹೊರಗಿನಿಂದ ಚರ್ಚಿನೊಳಗೆ ನುಗ್ಗುವುದಿಲ್ಲ. ಪ್ರತಿ ಭಾನುವಾರ ಎಲ್ಲರೂ ಬಾಯಿಪಾಠವಾಗಿ ಹೇಳುವ ಪ್ರಾರ್ಥನೆಯೊಳಗಿಂದಲೇ ಹೊರಬರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಫಾದರ್ ಪಾಲ್ ತಮ್ಮ ಮೊದಲ ಪೂಜೆಗೆ ಹೊನ್ನಿನ ಬಣ್ಣದ ಪೂಜಾವಸ್ತ್ರ ತೊಟ್ಟು ಬರುತ್ತಾರೆ. ಅದು ದೊಡ್ಡ ಹಬ್ಬಗಳಿಲ್ಲದ ಸಾಧಾರಣ ಕಾಲ, ಹಸಿರು ತೊಡಬೇಕಿತ್ತು ಎಂದು ಚರ್ಚಿನ ಆಡಳಿತವನ್ನೆಲ್ಲ ಕೈಯಲ್ಲಿಟ್ಟುಕೊಂಡಿರುವ ಬೆವ್ ಕೀನ್ ತಿದ್ದುತ್ತಾಳೆ. ಚರ್ಚಿನ ಪರಿಚಯವಿಲ್ಲದವರಿಗೆ ಇದು ಹಳ್ಳಿಯ ಕಿರಿಕಿರಿಯಂತೆ ಕಂಡು ಮರೆತುಹೋಗಬಹುದು. ಪರಿಚಯವಿದ್ದವರು ಮಾತ್ರ ಹಬ್ಬದ ಬಣ್ಣವನ್ನು ಗುರುವೊಬ್ಬರು ಹಬ್ಬವಿಲ್ಲದ ದಿನ ಏಕೆ ತೊಟ್ಟರು ಎಂಬ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಮುಂದೆ ಸಾಗುತ್ತಾರೆ. ಇಂತಹ ಸಣ್ಣ ಸುಳಿವುಗಳ ಮೇಲೆಯೇ ಇಲ್ಲಿನ ಪತ್ತೇದಾರಿ ನಿಂತಿದೆ.

ಕಥೆ ನಡೆಯುವ ಅವಧಿಯೂ ಹಾಗೆಯೇ ಆರಿಸಿದ್ದು. ಬೂದಿ ಬುಧವಾರದಂದು ಹಣೆಗೆ ಬೂದಿ ಬಳಿದು, ನೀನು ಮಣ್ಣು, ಮಣ್ಣಿಗೇ ಮರಳುವೆ ಎಂದು ನೆನಪಿಸುವಲ್ಲಿಂದ ಹಿಡಿದು, ಪಾಸ್ಕ (ಈಸ್ಟರ್) ಹಬ್ಬದ ಹಿಂದಿನ ರಾತ್ರಿ ಕತ್ತಲಲ್ಲಿ ಮೇಣದ ಬತ್ತಿ ಹಚ್ಚುವ ಜಾಗರಣೆಯವರೆಗಿನ ತಪಸ್ಸುಕಾಲವೇ (ಲೆಂಟ್) ಕಥೆಯ ಬೆನ್ನೆಲುಬು. ಕರಾವಳಿಯಲ್ಲಾಗಲೀ ಬೆಂಗಳೂರಿನ ಹಳೆಯ ಧರ್ಮಕೇಂದ್ರಗಳಲ್ಲಾಗಲೀ ಬೆಳೆದವರಿಗೆ ಈ ಲಯ ಗೊತ್ತಿರುತ್ತದೆ. ಕಥೋಲಿಕ ಚರ್ಚಿನ ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಬಲಿಪೂಜೆ ಜನರ ಭಾಷೆಗಳಿಗೆ ಇಳಿದದ್ದರಿಂದ, ‘ಇದು ನನ್ನ ರಕ್ತ’ ಎಂಬ ಮಾತನ್ನು ಕನ್ನಡದಲ್ಲಿಯೇ ನೂರಾರು ಸಲ ಕೇಳಿದ ಕಿವಿ ನಮ್ಮಲ್ಲಿ ಹಲವರದು. ಕೇಳಿ ಕೇಳಿ ಸವೆದುಹೋಗಿದ್ದ ಆ ಮಾತಿಗೆ ಈ ಸರಣಿ ಅದರ ಮೂಲದ ಹರಿತವನ್ನು ಮರಳಿ ಕೊಡುತ್ತದೆ. ಯೊವಾನ್ನನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ತನ್ನ ಮಾಂಸವನ್ನು ತಿನ್ನಿರಿ, ರಕ್ತವನ್ನು ಕುಡಿಯಿರಿ ಎಂದು ಯೇಸು ಹೇಳಿದಾಗ, ಇದು ಕಠಿಣವಾದ ಮಾತು ಎಂದು ಗೊಣಗಿ ಶಿಷ್ಯರಲ್ಲಿ ಹಲವರು ಬಿಟ್ಟುಹೋದರು ಎಂಬುದನ್ನು ನಾನು ಈ ನೆಪದಲ್ಲಿ ಮತ್ತೆ ತೆಗೆದು ಓದಿದೆ. ನಮ್ಮ ಕಡೆಯ ಹೆಚ್ಚಿನ ಚರ್ಚುಗಳಲ್ಲಿ ಭಕ್ತರು ರೊಟ್ಟಿಯ ರೂಪದಲ್ಲಿ ಮಾತ್ರ ಪರಮಪ್ರಸಾದ ಸ್ವೀಕರಿಸುತ್ತಾರೆ; ದ್ರಾಕ್ಷಾರಸದ ಪಾನಪಾತ್ರೆ ಪೀಠದ ಆಚೆಯೇ ಉಳಿಯುತ್ತದೆ. ಕ್ರಾಕೆಟ್ ದ್ವೀಪದಲ್ಲಿ ಮಾತ್ರ ಅದು ಎಲ್ಲರ ತುಟಿಗೂ ಬರುತ್ತದೆ ಎಂಬುದನ್ನು ಗಮನಿಸಿ ನೋಡಬೇಕು.

ಬೇಟೆಗಾರನ ಗುರಿ ತಪ್ಪಿದ ಗುಂಡು ತಗುಲಿ ನಡೆಯಲಾಗದ ಲೀಸಾ ಎಂಬ ಹುಡುಗಿಯ ಪ್ರಸಂಗ ಇಡೀ ಸರಣಿಯ ತಿರುವು. ಪ್ರಸಾದ ಕೊಡಲು ಬಂದ ಫಾದರ್ ಪಾಲ್ ಹಿಂದೆ ಹಿಂದೆ ಸರಿದು ಪೀಠದ ಬಳಿ ನಿಂತು, ಗಾಲಿಕುರ್ಚಿಯಲ್ಲಿರುವ ಅವಳನ್ನು ಎದ್ದು ಬಂದು ಸ್ವೀಕರಿಸುವಂತೆ ಕರೆಯುತ್ತಾರೆ. ಇದೆಂಥ ಕ್ರೌರ್ಯ ಎಂದು ಸಭೆ ಗುಜುಗುಟ್ಟುತ್ತದೆ. ನೋಡುತ್ತಿರುವ ನಮಗೂ ಅವರ ಮೇಲೆ ಸಿಟ್ಟು ಬರುವ ಹೊತ್ತಿಗೆ ಸರಿಯಾಗಿ ಅವಳು ಎದ್ದು ನಿಲ್ಲುತ್ತಾಳೆ. ಇದಕ್ಕಿಂತ ದೊಡ್ಡ ದೃಶ್ಯ ಎಂದು ನಾನು ಎಣಿಸುವುದು ಆಮೇಲಿನದನ್ನು: ತನ್ನ ಕಾಲುಗಳನ್ನು ಕಸಿದ ಕುಡುಕ ಜೋ ಕಾಲಿಯ ಮನೆಗೆ ಅವಳೇ ನಡೆದುಹೋಗಿ, ಅವನು ಕಸಿದುಕೊಂಡದ್ದೇನೆಂದು ಒಂದೊಂದಾಗಿ ಹೇಳಿ, ಆನಂತರ ಅವನನ್ನು ಕ್ಷಮಿಸುವ ದೃಶ್ಯ. ಅಲ್ಲಿ ಸಂಗೀತವಾಗಲೀ ಪವಾಡವಾಗಲೀ ಅವಳ ನೆರವಿಗೆ ಬರುವುದಿಲ್ಲ. ಕ್ಷಮೆ ಎಂಬ ಕ್ರೈಸ್ತ ಪರಿಕಲ್ಪನೆಯನ್ನು ತೆರೆಯ ಮೇಲೆ ಇಷ್ಟು ನೋವಿನಿಂದ, ಇಷ್ಟು ಪ್ರಾಮಾಣಿಕವಾಗಿ ನಾನು ಬೇರೆಲ್ಲೂ ನೋಡಿಲ್ಲ.

ಫಾದರ್ ಪಾಲ್ ಪಾತ್ರದಲ್ಲಿ ಹ್ಯಾಮಿಶ್ ಲಿಂಕ್‌ಲೇಟರ್ ಅವರ ಅಭಿನಯ ಸರಣಿಯ ಜೀವ. ಢೋಂಗಿ ಧರ್ಮಗುರುಗಳನ್ನು ಕಥೆಗಳಲ್ಲಿ ಬೇಕಾದಷ್ಟು ಕಂಡಿದ್ದೇವೆ. ಇವರು ಢೋಂಗಿಯಲ್ಲ, ಅದೇ ತೊಂದರೆ. ಅವರ ಪ್ರೀತಿ ನಿಜ, ಅವರ ಪ್ರಾರ್ಥನೆ ನಿಜ. ತಮಗೆ ಕಂಡದ್ದನ್ನು ದೇವರ ಕೃಪೆ ಎಂದು ಓದಿಕೊಂಡದ್ದೊಂದೇ ಅವರ ತಪ್ಪು. ಧರ್ಮಗ್ರಂಥದಲ್ಲಿ ದೇವದೂತರು ಬಂದಾಗಲೆಲ್ಲ ಮನುಷ್ಯರು ಹೆದರಿ ನಡುಗಿದ್ದಾರೆ, ಆದ್ದರಿಂದ ಹೆದರಿಕೆಯೇ ದೈವದ ಗುರುತು ಎಂಬ ಅವರ ತರ್ಕವನ್ನು ಮುರಿಯುವುದು ಅಷ್ಟು ಸುಲಭವಲ್ಲ. ಸಮಂತಾ ಸ್ಲೋಯನ್ ಅವರ ಬೆವ್ ಕೀನ್ ಇದಕ್ಕೆ ತದ್ವಿರುದ್ಧ. ಪ್ರತಿಯೊಂದು ನೀಚತನಕ್ಕೂ ಅವಳ ಬಳಿ ಒಂದು ಬೈಬಲ್ ವಚನ ಸಿದ್ಧವಿರುತ್ತದೆ. ಯಾವ ಊರಿನ ಯಾವ ಧರ್ಮದ ಆಡಳಿತ ಮಂಡಳಿಯಲ್ಲೂ ಇಂಥವರೊಬ್ಬರು ಇರುತ್ತಾರಾದ್ದರಿಂದ ಇವಳನ್ನು ಗುರುತಿಸಲು ಕ್ರೈಸ್ತರಾಗಿರಬೇಕಿಲ್ಲ.

ಊರಿನ ಪೊಲೀಸ್ ಅಧಿಕಾರಿಯಾದ ಮುಸ್ಲಿಂ ಶೆರಿಫ್ ಹಸನ್‌ನ ಪಾತ್ರವನ್ನು (ರಾಹುಲ್ ಕೊಹ್ಲಿ) ಇನ್ನಷ್ಟು ಬೆಳೆಸಬೇಕಿತ್ತು. ಸರ್ಕಾರಿ ಶಾಲೆಯಲ್ಲಿ ಬೈಬಲ್ ಹಂಚುವುದರ ಬಗ್ಗೆ ನಡೆಯುವ ಪೋಷಕರ ಸಭೆಯಲ್ಲಿ ಅವನು ಸಿಟ್ಟನ್ನು ನುಂಗಿಕೊಂಡು, ತನ್ನ ಧರ್ಮವೂ ಯೇಸುವನ್ನು ಗೌರವಿಸುತ್ತದೆ ಎಂದು ವಿವರಿಸಬೇಕಾಗಿ ಬರುವ ಸನ್ನಿವೇಶ ಅಲ್ಪಸಂಖ್ಯಾತನ ದಿನನಿತ್ಯದ ದಣಿವನ್ನು ಸೂಕ್ಷ್ಮವಾಗಿ ಹಿಡಿದಿದೆ. ಆ ಮಟ್ಟದ ಅವಕಾಶ ಅವನಿಗೆ ಮತ್ತೆ ಸಿಗುವುದು ಬಹಳ ತಡವಾಗಿ.

ದೋಷಗಳು ಬೇರೆಯೂ ಇವೆ. ಕೆಲವು ನಟರ ಮುಖಕ್ಕೆ ಮೆತ್ತಿದ ಮುಪ್ಪಿನ ಮೇಕಪ್ ಎಷ್ಟು ಕೃತಕವಾಗಿದೆಯೆಂದರೆ, ಇವರನ್ನು ಮುದುಕರನ್ನಾಗಿ ಮಾಡಿದ್ದು ಏಕೆ ಎಂಬ ಸಂದೇಹ ಮೊದಲ ಕಂತಿನಲ್ಲೇ ಹುಟ್ಟಿ, ಮೂರನೆಯ ಕಂತಿನ ರಹಸ್ಯವನ್ನು ಅರ್ಧ ಬಿಟ್ಟುಕೊಡುತ್ತದೆ. ಎರಡನೆಯದು ಮಾತು. ಪಾತ್ರಗಳು ಎದುರುಬದುರು ಕೂತು ಐದಾರು ನಿಮಿಷ ಒಬ್ಬರೇ ಮಾತನಾಡುತ್ತಾರೆ. ಸತ್ತ ಮೇಲೆ ಏನಾಗುತ್ತದೆ ಎಂದು ರೈಲಿ ಮತ್ತು ಅವನ ಬಾಲ್ಯದ ಗೆಳತಿ ಎರಿನ್ ಸೋಫಾದ ಮೇಲೆ ಕೂತು ಆಡುವ ಮಾತು ಆ ಉದ್ದಕ್ಕೆ ತಕ್ಕದ್ದಾಗಿದೆ. ಮದ್ಯವ್ಯಸನಿಗಳ ಸಭೆ ಎಂಬ ನೆಪದಲ್ಲಿ ಫಾದರ್ ಪಾಲ್ ಮತ್ತು ರೈಲಿ ಖಾಲಿ ಸಭಾಂಗಣದಲ್ಲಿ ನಡೆಸುವ ವಾದವೂ ಹಾಗೆಯೇ. ಆದರೆ ಮೀನುಗಾರನೂ ವೈದ್ಯೆಯೂ ಪೊಲೀಸನೂ ಒಂದೇ ಬಗೆಯ ಸುಸಂಸ್ಕೃತ ಗದ್ಯದಲ್ಲಿ ಪ್ರವಚನ ಕೊಡತೊಡಗಿದಾಗ ಲೇಖಕನ ದನಿ ಪಾತ್ರಗಳ ಗಂಟಲಿನಿಂದ ಕೇಳಿಸುತ್ತದೆ.

ಚಿತ್ರೀಕರಣ ನಡೆದದ್ದು 2020ರಲ್ಲಿ, ಕೋವಿಡ್ ನಿರ್ಬಂಧಗಳ ನಡುವೆ, ಕೆನಡಾದ ರಿಚ್ಮಂಡ್ ನಗರದ ಗ್ಯಾರಿ ಪಾಯಿಂಟ್ ಉದ್ಯಾನದಲ್ಲಿ ಊರಿನ ಸೆಟ್ ಕಟ್ಟಿ. ಮೈಕೆಲ್ ಫಿಮೊನ್ಯಾರಿ ಅವರ ಕ್ಯಾಮೆರಾ ಆ ಬಯಲು ದಡವನ್ನು ನಿಜವಾದ ದ್ವೀಪವೆಂದೇ ನಂಬಿಸುತ್ತದೆ. ಬಿರುಗಾಳಿಯ ಮರುದಿನ ನೂರಾರು ಬೆಕ್ಕುಗಳ ಕಳೇಬರಗಳು ಮರಳಿನ ಮೇಲೆ ಸಾಲಾಗಿ ಬಿದ್ದಿರುವಾಗ, ಊರಿನವರು ಒಬ್ಬೊಬ್ಬರಾಗಿ ಬಂದು ಸೇರುವುದನ್ನು ಕತ್ತರಿ ಹಾಕದೆ ಒಂದೇ ಉಸಿರಿನಲ್ಲಿ ತೋರಿಸಿದ ದೃಶ್ಯದಲ್ಲಿ ಇಡೀ ಸಮುದಾಯದ ಪರಿಚಯ ಮುಗಿದುಹೋಗುತ್ತದೆ. ಚರ್ಚಿನ ಹಳೆಯ ಸ್ತೋತ್ರಗಳನ್ನು ಹಿನ್ನೆಲೆಯಲ್ಲಿ ಬಳಸಿದ ರೀತಿಯೂ ಚೆನ್ನಾಗಿದೆ.

ಈ ಬಗೆಯ ಕಥೆಗಳ ಓದುಗರ ನಾಲಿಗೆಯ ತುದಿಗೆ ಬೇಗನೆ ಬರುವ ಒಂದು ಪದವಿದೆ. ಏಳೂ ಕಂತುಗಳಲ್ಲಿ ಯಾರೂ ಅದನ್ನು ಒಂದೇ ಒಂದು ಸಲ ಉಚ್ಚರಿಸುವುದಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಆ ಪದ ಗೊತ್ತಿಲ್ಲದ ಊರು ತನಗೆ ಗೊತ್ತಿರುವ ಪದಗಳಿಂದಲೇ, ಎಂದರೆ ದೇವದೂತ, ಪವಾಡ, ಪುನರುತ್ಥಾನ ಎಂಬ ಪದಗಳಿಂದಲೇ, ಎದುರಿಗಿರುವುದನ್ನು ಹೆಸರಿಸಬೇಕಾಗುತ್ತದೆ.

ರಕ್ತ, ಪ್ರಾಣಿಗಳ ಸಾವು, ಗರ್ಭಿಣಿಯೊಬ್ಬಳ ಸಂಕಟ ಇವೆಲ್ಲ ಇರುವುದರಿಂದ ಮಕ್ಕಳೊಡನೆ ನೋಡುವಂಥದ್ದಲ್ಲ. ಒಂದೊಂದು ಕಂತೂ ಸುಮಾರು ಒಂದು ಗಂಟೆಯದು. ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ, ಮೊದಲ ಮೂರನ್ನು ದಿನಕ್ಕೊಂದರಂತೆ ನೋಡಿದರೆ ಆ ನಿಧಾನಗತಿ ಒಗ್ಗುತ್ತದೆ. ಐದನೆಯ ಕಂತು ನಟ್ಟನಡುವಿನ ನೀರಿನಲ್ಲಿ, ಎರಡು ಜನರಿರುವ ಸಣ್ಣದೊಂದು ದೋಣಿಯಲ್ಲಿ, ಬೆಳಗಾಗುವ ಹೊತ್ತಿಗೆ ಮುಗಿಯುತ್ತದೆ. ಅದನ್ನು ಮಾತ್ರ ಮಲಗುವ ಮುನ್ನ ನೋಡಬೇಡಿ.