ರೀಟ್, ಬೆಂಗಳೂರಿನ ಕಟ್ಟಡದ ಪಾಲು, ಬನವಾಸಿ ರಸ್ತೆಯ ಸೈಟು: ಅವಸರಕ್ಕೆ ಯಾವುದು ಒದಗಿತು?

2024ರ ಫೆಬ್ರುವರಿಯಲ್ಲಿ ನಮ್ಮ ತೋಟಕ್ಕೆ ತಾಗಿದ ಪಾಲು ಮಾರಾಟಕ್ಕೆ ಬಂತು. ಪಕ್ಕದ ಮನೆಯವರು ಮೊದಲು ನಮ್ಮನ್ನೇ ಕೇಳಿದರು. ಒಂದೂವರೆ ತಿಂಗಳಲ್ಲಿ ದುಡ್ಡು ಕೊಟ್ಟರೆ ನಮಗೆ, ಇಲ್ಲದಿದ್ದರೆ ಹೊರಗಿನವರಿಗೆ. ಕಾಗದದ ಮೇಲೆ ನನಗೇನೂ ಕೊರತೆ ಇರಲಿಲ್ಲ: ಒಂದಿಷ್ಟು ರೀಟ್ ಯೂನಿಟ್ (ಹಲವರ ದುಡ್ಡಿನಲ್ಲಿ ಕಟ್ಟಡ ಇಟ್ಟುಕೊಂಡು ಬಾಡಿಗೆ ಹಂಚುವ ಟ್ರಸ್ಟಿನ ಪಾಲು, ಶೇರುಪೇಟೆಯಲ್ಲಿ ಮಾರಬಹುದಾದದ್ದು), ಬೆಂಗಳೂರಿನ ಆಫೀಸ್ ಕಟ್ಟಡವೊಂದರಲ್ಲಿ ಹತ್ತು ಲಕ್ಷದ ಪಾಲು, ಶಿರಸಿಯ ಬನವಾಸಿ ರಸ್ತೆಯಲ್ಲಿ ಒಂದು ಸೈಟು. ಮೂರನ್ನೂ ಒಂದೇ ವಾರ ಮಾರಲು ಹೊರಟೆ.

ರೀಟ್ ಸೋಮವಾರ ಬೆಳಿಗ್ಗೆ ದೋಸೆ ತಿನ್ನುತ್ತಲೇ ಮೊಬೈಲಿನಲ್ಲಿ ಮಾರಿ ಮುಗಿಯಿತು. ಬುಧವಾರ ದುಡ್ಡು ಬ್ಯಾಂಕಿನಲ್ಲಿತ್ತು. 2022ರಲ್ಲಿ ಕೊಂಡ ಬೆಲೆಗಿಂತ ಯೂನಿಟ್ಟಿಗೆ ಮೂವತ್ತು ರೂಪಾಯಿ ಕಡಿಮೆ ಸಿಕ್ಕಿತು. ನಡುವೆ ಬಂದ ಬಾಡಿಗೆ ಹಂಚಿಕೆ ಆ ಗಾಯವನ್ನು ಬಹುಪಾಲು ಮುಚ್ಚಿತು ಅನ್ನಿ. ಇಲ್ಲಿ ರೀಟ್ ನನಗೆ ದುಡ್ಡು ವಾಪಸ್ ಕೊಟ್ಟಿದ್ದಲ್ಲ, ಪೇಟೆಯಲ್ಲಿ ಇನ್ಯಾರೋ ನನ್ನ ಯೂನಿಟ್ ಕೊಂಡರು, ಕಟ್ಟಡ ಇದ್ದಲ್ಲೇ ಇತ್ತು. 2019ರಲ್ಲಿ ಎಂಬಸಿ ರೀಟ್ ದೇಶದಲ್ಲೇ ಮೊದಲನೆಯದಾಗಿ ಪೇಟೆಗೆ ಬಂದಾಗ ಲಕ್ಷಗಟ್ಟಲೆ ಬೇಕಿತ್ತು. 2021ರಲ್ಲಿ ಶೇರುಪೇಟೆಯ ನಿಯಂತ್ರಕ ಸೆಬಿ ಒಂದೊಂದೇ ಯೂನಿಟ್ ಕೊಳ್ಳಲು ಬಿಟ್ಟ ಮೇಲೆ ಗಿರಾಕಿಗಳಿಗೆ ಬರವಿಲ್ಲ.

ಕಟ್ಟಡದ ಪಾಲಿನ ಕತೆಯೇ ಬೇರೆ. 2021ರಲ್ಲಿ ಸೇರುವಾಗ ಪಾಲು ಮಾರಿದ ಕಂಪನಿಯವರು ‘ಒಂದು ವರ್ಷದ ನಂತರ ಯಾವಾಗ ಬೇಕಾದರೂ ಮಾರಬಹುದು’ ಎಂದಿದ್ದರು. ಮಾರಬಹುದು ಅಂದರೆ ಅವರು ಕೊಳ್ಳುತ್ತಾರೆ ಎಂದು ನಾನು ತಿಳಿದಿದ್ದೆ. ಕರಾರು ಪತ್ರವನ್ನು ಕನ್ನಡಕ ಹಾಕಿಕೊಂಡು ಮತ್ತೆ ಓದಿದೆ. ಅವರ ವೆಬ್‌ಸೈಟಿನಲ್ಲಿ ‘ಮಾರಾಟಕ್ಕಿದೆ’ ಎಂದು ಹಾಕಬಹುದು, ಅಷ್ಟೆ. ನನಗಿಂತ ಮೊದಲೇ ಎಂಟು ಜನ ಹಾಕಿ ಕೂತಿದ್ದರು. ಒಂದು ಮಹಡಿ ಖಾಲಿಯಾಗಿದ್ದರಿಂದ ಹೊಸಬರು ಇಣುಕಿಯೂ ನೋಡುತ್ತಿರಲಿಲ್ಲ. ಫೋನ್ ಮಾಡಿದರೆ ಆ ಕಡೆಯ ಹುಡುಗ ಪ್ರತಿ ಸಲವೂ ‘ಸರ್, ಇಂಟರೆಸ್ಟ್ ಇದೆ ಸರ್’ ಎನ್ನುತ್ತಿದ್ದ. ಯಾರಿಗೆ ಎಂದು ಮಾತ್ರ ಹೇಳಲಿಲ್ಲ. ಮುಂದಿನ ತಿಂಗಳೇ, ಮಾರ್ಚಿನಲ್ಲಿ, ಸೆಬಿ ಇಂಥವಕ್ಕೆಂದು ಸಣ್ಣ ಮತ್ತು ಮಧ್ಯಮ ರೀಟ್ ನಿಯಮ ತಂದಿತು: 50 ಕೋಟಿಯಿಂದ 500 ಕೋಟಿಯೊಳಗಿನ ಆಸ್ತಿ, ಯೂನಿಟ್ ಶೇರುಪೇಟೆಯಲ್ಲಿ ನೋಂದಣಿಯಾಗಲೇಬೇಕು. ಒಳ್ಳೆಯದೇ. ಆದರೆ ಒಂದು ಯೂನಿಟ್ಟಿಗೇ ಕನಿಷ್ಠ 10 ಲಕ್ಷ. ನಾನು ಮಾರಬೇಕೆಂದ ದಿನ ಅಷ್ಟು ದುಡ್ಡು ಹಿಡಿದು ಬರುವವ ಬೇಕಲ್ಲ!

ಸೈಟಿನ ಬ್ರೋಕರ್ ಮೊದಲು ‘ಮಾರಿಜಾತ್ರೆ ಮುಗೀಲಿ ಹೆಗಡೇರೆ’ ಎಂದ. ಮುಗಿಯಿತು. ‘ಎಲೆಕ್ಷನ್ ಆಗ್ಲಿ’ ಎಂದ. ಮೇ ತಿಂಗಳಲ್ಲಿ ಅದೂ ಆಯಿತು. ‘ಈ ಮಳೇಲಿ ಯಾರು ಜಾಗ ನೋಡ್ತಾರೆ?’ ಬಂದ ಒಬ್ಬನೇ ಗಿರಾಕಿ ಇ-ಖಾತಾ ಕೇಳಿದ, ನನ್ನದು ಆಗಿರಲಿಲ್ಲ. ತಪ್ಪು ನನ್ನದೇ.

ಇದನ್ನೆಲ್ಲ ಕೇಳಿ ಲಂಡನ್ನಿನಲ್ಲಿರುವ ಭಾವ ನಕ್ಕ. ಅಲ್ಲಿ ಬೇಕಾದಾಗ ಫಂಡಿನಿಂದಲೇ ದುಡ್ಡು ವಾಪಸ್ ಪಡೆಯುವ ಆಸ್ತಿ ಫಂಡುಗಳಿವೆ. ಕೇಳಲು ರೀಟ್‌ಗಿಂತಲೂ ಚೆಂದ. ಆದರೆ 2016ರಲ್ಲಿ ಬ್ರೆಕ್ಸಿಟ್ ಮತದಾನವಾದ ಕೂಡಲೇ ಎಲ್ಲರೂ ಒಟ್ಟಿಗೆ ದುಡ್ಡು ಕೇಳಿದಾಗ ಹಲವು ಫಂಡುಗಳು ವಾಪಸ್ ಕೊಡುವುದನ್ನು ತಡೆಹಿಡಿದು ಬಾಗಿಲು ಹಾಕಿದವು. 2019ರ ಡಿಸೆಂಬರಿನಲ್ಲಿ ಎಂ ಅಂಡ್ ಜಿ ಫಂಡ್ ಮತ್ತೆ ಹಾಗೇ ಮಾಡಿತು. ಅಮೆರಿಕದಲ್ಲಿ ಬ್ಲ್ಯಾಕ್‌ಸ್ಟೋನ್ ಕಂಪನಿಯ ಬಿರೀಟ್, ಶೇರುಪೇಟೆಯಲ್ಲಿಲ್ಲದ ರೀಟ್, 2022ರ ಕೊನೆಗೆ ಮಿತಿ ಜಾರಿ ಮಾಡಿತು: ತಿಂಗಳಿಗೆ ಒಟ್ಟು ಮೌಲ್ಯದ 2%, ಮೂರು ತಿಂಗಳಿಗೆ 5%, ಅದಕ್ಕಿಂತ ಹೆಚ್ಚು ಹೊರಗೆ ಹೋಗುವಂತಿಲ್ಲ. ಮೋಸವೇನಲ್ಲ. ನಮ್ಮ ಸೊಸೈಟಿಯಲ್ಲಿ ಎಲ್ಲರೂ ಒಂದೇ ದಿನ ಠೇವಣಿ ಕೇಳಿದರೆ ಆಗುವುದೂ ಅದೇ. ಮೊದಲು ಬಂದವರಿಗೆ ಕೈಯಲ್ಲಿದ್ದ ನಗದು ಕೊಟ್ಟುಬಿಟ್ಟರೆ ಉಳಿದವರ ಪಾಲಿಗೆ ಮಾರಾಟವಾಗದ ಕಟ್ಟಡಗಳು ಮಾತ್ರ. ಹಾಗಾಗಿ ಬಾಗಿಲು ಹಾಕುವ ಹಕ್ಕನ್ನು ಮೊದಲೇ ಕರಾರಿನಲ್ಲಿ ಬರೆದಿಟ್ಟಿರುತ್ತಾರೆ.

ನನ್ನನ್ನೇ ಕೇಳಿದರೆ, ಅವಸರಕ್ಕೆ ರೀಟ್. ನಷ್ಟವಾದರೂ ಎಷ್ಟು ಎಂದು ಆ ಕ್ಷಣಕ್ಕೇ ಗೊತ್ತಾಗುತ್ತದೆ. ಕಟ್ಟಡದ ಪಾಲಿಗೆ ಇನ್ನೊಮ್ಮೆ ಕೈ ಹಾಕುವುದಿಲ್ಲ.

ರೀಟ್ ದುಡ್ಡು ಸಾಲಲಿಲ್ಲ. ಹೆಂಡತಿ ಅಟ್ಟದ ಕಡೆ ಕೈ ತೋರಿಸಿದಳು. ದರ ಏರಲೆಂದು ಇಟ್ಟ ಹಳೇ ಚಾಲಿ ಅಡಿಕೆ, ಹದಿನಾಲ್ಕು ಚೀಲ, ಎರಡಕ್ಕೆ ಇಲಿ ಬಾಯಿ ಹಾಕಿತ್ತು. ಶಿರಸಿ ಮಾರುಕಟ್ಟೆಗೆ ಒಯ್ದ ದಿನವೇ ಟೆಂಡರಿನಲ್ಲಿ ಮಾರಾಟವಾಯಿತು.