ಪೋಸ್ಟ್‌ಗ್ರೆಸ್: ಹತ್ತು ಕೋಟಿ ಸಾಲಿಗೆ ಎಷ್ಟು ಡಿಸ್ಕ್ ಬೇಕು?

ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ತಂತ್ರಾಂಶ ಉಚಿತ, ಗಟ್ಟಿ, ವರ್ಷಗಟ್ಟಲೆ ಓಡಿದರೂ ತಕರಾರಿಲ್ಲ. ಇದನ್ನೆಲ್ಲ ಬೇರೆಯವರು ಬೇಕಾದಷ್ಟು ಹೊಗಳಿದ್ದಾರೆ. ಮೀಟರ್ ರೀಡಿಂಗ್ ತುಂಬುವ ಕೆಲಸಕ್ಕೆ ಇದನ್ನೇ ಬಹಳ ಕಾಲದಿಂದ ಬಳಸುತ್ತಿರುವ ನಾನು ಜಾಗದ ಲೆಕ್ಕ ಒಂದನ್ನೇ ಹೇಳ್ತೀನಿ.

ಟೇಬಲ್ ತೀರಾ ಸರಳ: ಒಂದು ಬಿಗ್‌ಇಂಟ್ (8 ಬೈಟಿನ ಸಂಖ್ಯೆ), ಎರಡು ಇಂಟಿಜರ್ (ತಲಾ 4 ಬೈಟಿನ ಸಂಖ್ಯೆ), ಒಂದು ಟೈಮ್‌ಸ್ಟ್ಯಾಂಪ್ (8 ಬೈಟಿನ ದಿನಾಂಕ-ಸಮಯ). ಸಾಲಿಗೆ 24 ಬೈಟ್, ಹತ್ತು ಕೋಟಿ ಸಾಲಿಗೆ 2.4 ಜಿಬಿ ಅಂತ ಬಾಯಿಲೆಕ್ಕದಲ್ಲೇ ಹೇಳಿಬಿಡಬಹುದು. ಆದರೆ ಪ್ರತಿ ಸಾಲಿಗೂ ಪೋಸ್ಟ್‌ಗ್ರೆಸ್ 24 ಬೈಟಿನ ಹೆಡರ್ (ತನ್ನ ಒಳಲೆಕ್ಕದ ಮಾಹಿತಿ) ಹೊರಿಸುತ್ತೆ, ಪೇಜಿನೊಳಗೆ (ಸಾಲುಗಳನ್ನು ತುಂಬಿಡುವ ಡಿಸ್ಕಿನ ತುಂಡು) ಸಾಲು ಎಲ್ಲಿದೆ ಅಂತ ಗುರುತಿಟ್ಟುಕೊಳ್ಳೋಕೆ ಇನ್ನೂ 4. ಅಲ್ಲಿಗೆ 52 ಆಯ್ತು. 8 ಕೆಬಿ ಪೇಜಿನಲ್ಲಿ 157 ಸಾಲು ಹಿಡಿದರೆ ಟೇಬಲ್ಲೇ 5.2 ಜಿಬಿ. ಪ್ರೈಮರಿ ಕೀ ಇಂಡೆಕ್ಸ್‌ಗೆ (ಗುರುತಿನ ಸಂಖ್ಯೆಯಿಂದ ಸಾಲನ್ನು ಬೇಗ ಹುಡುಕುವ ಸೂಚಿ) ಮತ್ತೆ 2.2 ಜಿಬಿ. ಒಂದೇ ಇಂಡೆಕ್ಸ್ ಇಟ್ಟುಕೊಂಡೂ ಮೊದಲ ಅಂದಾಜಿನ ಮೂರು ಪಟ್ಟು!

ಕಾಲಂಗಳನ್ನು ಯಾವ ಕ್ರಮದಲ್ಲಿ ಬರೆದಿದ್ದೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಬೂಲಿಯನ್, ಬಿಗ್‌ಇಂಟ್, ಬೂಲಿಯನ್, ಬಿಗ್‌ಇಂಟ್ ಅಂತ ಬರೆದರೆ, ಒಂದೇ ಬೈಟಿನ ಬೂಲಿಯನ್ (ಹೌದು/ಅಲ್ಲ) ಪ್ರತಿಯೊಂದರ ಹಿಂದೆ 7 ಬೈಟ್ ಖಾಲಿ ಬಿದ್ದು 32 ಬೈಟ್. ದೊಡ್ಡವೆರಡನ್ನೂ ಮುಂದಕ್ಕೆ ತಂದರೆ 24. ಇದನ್ನು ಪೋಸ್ಟ್‌ಗ್ರೆಸ್ ತಾನಾಗಿ ಸರಿಮಾಡಿಕೊಳ್ಳಲ್ಲ, ಇದು ನನಗೆ ಇಂದಿಗೂ ಕಿರಿಕಿರಿ.

ಹೆಸರು, ವಿಳಾಸ ಕನ್ನಡದಲ್ಲಿದ್ದರೆ ಇಂಗ್ಲಿಷಿನ ಅಂದಾಜು ನಡೆಯಲ್ಲ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಮೂಲ ಅಕ್ಷರ, ಕೊಂಬು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಮೂರು ಬೈಟ್, ಒತ್ತಿಗೆ ಆರು. ‘ಕರ್ನಾಟಕ’ ಕಣ್ಣಿಗೆ ನಾಲ್ಕಕ್ಷರ, ಡಿಸ್ಕಿಗೆ 21 ಬೈಟ್. ಕಂಪ್ರೆಸ್ ಆಗುತ್ತಲ್ಲ ಅಂತ ನೆಚ್ಚಿಕೊಳ್ಳಬೇಡಿ, ಅದು ಶುರುವಾಗೋದು ಸಾಲು ಸುಮಾರು 2 ಕೆಬಿ ದಾಟಿದ ಮೇಲೆ.

ನನ್ನ ದೊಡ್ಡ ದೂರು ಅಪ್‌ಡೇಟ್ ಮೇಲೆ. ಸಾಲು ತಿದ್ದಿದರೆ ಹಳೆಯದು ಅಲ್ಲೇ ಉಳಿದು ಹೊಸದು ಬೇರೆ ಕಡೆ ಕೂರುತ್ತೆ. ವ್ಯಾಕ್ಯೂಮ್ ಅನ್ನೋ ಸ್ವಚ್ಛತಾ ಕೆಲಸ ಓಡಿದಾಗ ಆ ಜಾಗ ಮುಂದಿನ ಸಾಲುಗಳಿಗೆ ಸಿಗುತ್ತೆ ನಿಜ, ಡಿಸ್ಕಿಗೆ ವಾಪಸ್ ಬರೋದು ಅಪರೂಪ. ಗೋಡೌನಿನಿಂದ ಮೂಟೆ ಇಳಿಸಿದರೂ ಬಾಡಿಗೆ ಇಳಿಯದ ಹಾಗೆ. ವ್ಯಾಕ್ಯೂಮ್ ಫುಲ್ ಕೊಟ್ಟರೆ ವಾಪಸ್ ಬರುತ್ತೆ. ಆದರೆ ಅದು ಮುಗಿಯೋವರೆಗೂ ಟೇಬಲ್‌ಗೆ ಬೀಗ, ಜೊತೆಗೆ ಹೊಸ ಪ್ರತಿ ಬರೆದುಕೊಳ್ಳೋಕೆ ಖಾಲಿ ಜಾಗ ಬೇಕು. ಡಿಸ್ಕ್ ತುಂಬಿದಾಗ ಅದೆಲ್ಲಿಂದ ತರೋದು?

ಅಳತೆ ಮಾತ್ರ ಸಲೀಸು. ಹತ್ತು ಲಕ್ಷ ಅಸಲಿ ಸಾಲು ತುಂಬಿ, ಇಂಡೆಕ್ಸ್ ಕಟ್ಟಿ, ಟೇಬಲ್ಲು, ಇಂಡೆಕ್ಸ್ ಎರಡನ್ನೂ ಸೇರಿಸಿ ಅಳೆಯುವ ‘ಪಿಜಿ ಟೋಟಲ್ ರಿಲೇಶನ್ ಸೈಜ್’ ಫಂಕ್ಷನ್ ಕೇಳಿ, ನೂರರಿಂದ ಗುಣಿಸಿ. ಸುಳ್ಳು ಡೇಟಾ ತುಂಬಬೇಡಿ: 2020ರ 13ನೇ ಆವೃತ್ತಿಯಿಂದ ಇಂಡೆಕ್ಸ್‌ನಲ್ಲಿ ಮರುಕಳಿಸುವ ಮೌಲ್ಯಗಳು ಒಟ್ಟುಗೂಡಿ ಕುಗ್ಗುತ್ತವೆ, ಸುಳ್ಳು ಡೇಟಾದಲ್ಲಿ ಮರುಕಳಿಕೆ ಅಸಲಿಯ ಹಾಗಿರದಿದ್ದರೆ ಉತ್ತರ ದಿಕ್ಕು ತಪ್ಪುತ್ತೆ. ಬಂದ ಮೊತ್ತದ ಮೇಲೆ ನಾನು ಅಷ್ಟೇ ಜಾಗ ಖಾಲಿ ಇಡ್ತೀನಿ. ವಾಲ್ ಫೈಲು (ಬದಲಾವಣೆಗಳ ದಾಖಲೆ), ಇಂಡೆಕ್ಸ್ ಕಟ್ಟುವಾಗಿನ ತಾತ್ಕಾಲಿಕ ಫೈಲುಗಳಿಗೂ ಅದೇ ಆಸರೆ. ಬ್ಯಾಕಪ್ ಬೇರೆ ಡಿಸ್ಕಿನಲ್ಲಿ.

ಐದಕ್ಕೆ ನಾಲ್ಕು ಕೊಡ್ತೀನಿ. ದಿನದ ಲೆಕ್ಕದಲ್ಲಿ ಬೆಳೆಯುವ ಡೇಟಾ ಆದರೆ ಮೊದಲ ದಿನವೇ ತಿಂಗಳಿಗೊಂದು ಪಾರ್ಟಿಷನ್ (ಟೇಬಲ್ಲಿನ ಪ್ರತ್ಯೇಕ ತುಂಡು) ಮಾಡಿ. ಹಳೇ ತಿಂಗಳನ್ನು ಡಿಲೀಟ್ ಮಾಡುವ ಬದಲು ಪಾರ್ಟಿಷನ್ನನ್ನೇ ಡ್ರಾಪ್ ಮಾಡಿದರೆ ವ್ಯಾಕ್ಯೂಮ್ ಗೊಡವೆಯಿಲ್ಲದೆ ಜಾಗ ಬಿಡುಗಡೆಯಾಗುತ್ತೆ.