‘ಅಂತಾರಾಷ್ಟ್ರೀಯ ಬೀಚ್ ವಾಲಿಬಾಲ್’ ಪೋಸ್ಟರ್ ನೋಡಿ ದುಡ್ಡು ಕಟ್ಟಬೇಡಿ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆ ವಾಲಿಬಾಲ್ ಆಡೋರೇ, ದಯವಿಟ್ಟು ಪೂರ್ತಿ ಓದಿ. "ಅಂತಾರಾಷ್ಟ್ರೀಯ ಬೀಚ್ ವಾಲಿಬಾಲ್ ಚಾಂಪಿಯನ್‌ಶಿಪ್, ಗೆದ್ದ ಜೋಡಿಗೆ ವಿಶ್ವ ಚಾಂಪಿಯನ್‌ಶಿಪ್‌ಗೆ ನೇರ ಪ್ರವೇಶ" ಅನ್ನೋ ವಾಟ್ಸಾಪ್ ಪೋಸ್ಟರ್ ನಂಬಿ ಜೋಡಿಗೆ 6,000 ರೂಪಾಯಿ ಫೋನ್‌ಪೇ ಮಾಡಿದ್ವಿ. ರಸೀದಿ ಇಲ್ಲ. ದುಡ್ಡೂ ಇಲ್ಲ.

ನೇರ ಪ್ರವೇಶ ಅನ್ನೋದೇ ಸುಳ್ಳು. ವಿಶ್ವ ಚಾಂಪಿಯನ್‌ಶಿಪ್ ನಡೆಸೋದು ಎಫ್‌ಐವಿಬಿ, ಅಂದ್ರೆ ಅಂತಾರಾಷ್ಟ್ರೀಯ ವಾಲಿಬಾಲ್ ಫೆಡರೇಷನ್. ಅಲ್ಲಿ ಗಂಡಸರದು 48, ಹೆಂಗಸರದು 48 ಜೋಡಿ. ಹೆಸರು ಹೋಗೋದು ಆಯಾ ದೇಶದ ಫೆಡರೇಷನ್ ಮೂಲಕ ಮಾತ್ರ. ಖಾಸಗಿ ಸಂಘಟಕ ಯಾರೂ ಅಲ್ಲಿ ಸೀಟು ಕೊಡೋಕಾಗಲ್ಲ. ಇದನ್ನೆಲ್ಲ ವಿಚಾರಿಸದೇ ದುಡ್ಡು ಕಳಿಸಿದ್ವಲ್ಲ, ಅದೇ ಹೊಟ್ಟೆ ಉರಿಯೋದು.

ಊರಾಚೆಯ ಆ ಮೈದಾನಕ್ಕೆ ಕಾಲಿಟ್ಟಾಗಲೇ ಅನುಮಾನ ಬಂತು. ಟೇಪ್ ಹಿಡಿದ್ರೆ 18 ಮೀಟರ್ ಉದ್ದ, 9 ಮೀಟರ್ ಅಗಲ. ಅದು ಒಳಾಂಗಣದ ಆರು ಜನರ ಕೋರ್ಟ್! ಬೀಚ್ ಕೋರ್ಟ್ 16×8. ಕೇಳಿದ್ದಕ್ಕೆ ಸಂಘಟಕರ ಉತ್ತರ: "ಎರಡು ಮೀಟರ್ ಜಾಸ್ತಿನೇ ಕೊಟ್ಟಿದ್ದೀವಲ್ರೀ, ನಿಮಗೇನು ನಷ್ಟ?" ನಷ್ಟ ಇಷ್ಟು: ಇಬ್ಬರೇ ಕಾಯಬೇಕಾದ ಜಾಗ 64 ಚದರ ಮೀಟರ್‌ನಿಂದ 81ಕ್ಕೆ ಏರುತ್ತೆ. ಮೂಲೆಗೆ ಬಿದ್ದ ಸರ್ವ್ ಕೈಗೇ ಸಿಗಲ್ಲ.

ಮರಳು? ಕನಿಷ್ಠ 40 ಸೆಂಟಿಮೀಟರ್ ಆಳ ಇರಬೇಕು, ಜರಡಿ ಹಿಡಿದಿರಬೇಕು, ಕಲ್ಲು, ಜೇಡಿ ಇರಬಾರದು. ಅಲ್ಲಿ ಹಿಮ್ಮಡಿಯಲ್ಲಿ ಕೆದಕಿದ್ರೆ ನಾಲ್ಕು ಬೆರಳಿಗೇ ಕೆಂಪು ಜಂಬಿಟ್ಟಿಗೆ. ಮೇಲಿನದೂ ಎಂ-ಸ್ಯಾಂಡ್. ಜಲ್ಲಿ ಪುಡಿ ಮಾಡಿದ್ದು, ಕಣಕ್ಕೆ ಚೂಪು ಅಂಚು. ಡೈವ್ ಹೊಡೆದ್ರೆ ಮೊಣಕೈ ತರಚಿ ರಕ್ತ. ಅದರಲ್ಲಿರೋ ಪುಡಿ ನಮ್ಮ ಕಡೆಯ ಒಂದು ಮಳೆಗೆ ಗಾರೆ ಥರ ಗಟ್ಟಿಯಾಗುತ್ತೆ.

ಕಂಬಕ್ಕೆ ಪ್ಯಾಡ್ ಇಲ್ಲ, ಎಳೆದು ಕಟ್ಟಿದ ತಂತಿ ಬೇರೆ. ತಂತಿ ಕಟ್ಟೋದನ್ನ ನಿಯಮವೇ ನಿಷೇಧಿಸಿದೆ, ಓಡೋವಾಗ ಕಾಲಿಗೆ ಸಿಕ್ಕಿದ್ರೆ ಮುಗೀತು. ಹುಡುಗಿಯರ ಮ್ಯಾಚಿಗೂ ನೆಟ್ 2.43 ಮೀಟರ್‌ನಲ್ಲೇ ಇತ್ತು, ಅವರದು 2.24. ಚೆಂಡು ಒಳಾಂಗಣದ್ದು, ಗಟ್ಟಿ ಗಾಳಿ ತುಂಬಿದ್ದು. ಬೀಚ್ ಚೆಂಡಿಗೆ ಚದರ ಸೆಂಟಿಮೀಟರಿಗೆ 0.175ರಿಂದ 0.225 ಕೆಜಿ ಒತ್ತಡ ಸಾಕು, ಒಳಾಂಗಣದ್ದಕ್ಕೆ 0.30ರಿಂದ 0.325 ಬೇಕು. ಪಾಸ್ ಮಾಡಿದ್ರೆ ಸಿಡಿದು ಹೋಗೋದು ಅದಕ್ಕೇ.

"ಹೊರದೇಶದ ಟೀಮ್ ಎಲ್ಲಿ ಸರ್?" ಅಂದ್ವಿ. "ನೇಪಾಳದವರಿಗೆ ವೀಸಾ ಆಗ್ಲಿಲ್ಲ." ಮಾರಾಯ್ರೇ, ನೇಪಾಳದವರಿಗೆ ಭಾರತಕ್ಕೆ ಬರೋಕೆ ವೀಸಾನೇ ಬೇಡ! ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ರು. ವೀಸಾ ಆಗ್ಲಿಲ್ಲವಂತೆ. ಮುಖಕ್ಕೆ ಹೊಡೆದ ಹಾಗಾಯ್ತು.

ದುಡ್ಡು ವಾಪಸ್ ಕೇಳಿದ್ರೆ "ಗ್ರೌಂಡಿಗೆ ಇಳಿದ ಮೇಲೆ ಫೀಸ್ ಯಾರೂ ಕೊಡಲ್ಲ, ಸರ್ಟಿಫಿಕೇಟ್ ಕೊಟ್ಟಿದ್ದೀವಲ್ಲ" ಅಂತ ಮೆಸೇಜ್. ಆಮೇಲೆ ನೀಲಿ ಟಿಕ್, ಆಮೇಲೆ ಬ್ಲಾಕ್. ಆ ಸರ್ಟಿಫಿಕೇಟ್‌ಗೆ ಫೆಡರೇಷನ್‌ದಿರಲಿ, ರಾಜ್ಯ ವಾಲಿಬಾಲ್ ಸಂಸ್ಥೆಯದೂ ಸೀಲಿಲ್ಲ. ಕ್ರೀಡಾ ಕೋಟಾದ ಅರ್ಜಿಗೆ ಹಚ್ಚಿದ್ರೆ ಪಕ್ಕಕ್ಕೆ ಎತ್ತಿಡ್ತಾರೆ.

ದುಡ್ಡು ಕಳಿಸೋ ಮುಂಚೆ ರಾಜ್ಯ ಸಂಸ್ಥೆಗೆ ಫೋನ್ ಮಾಡಿ ಕೇಳಿ. ಮರಳಲ್ಲಿ ಗುಂಡಿ ತೋಡಿ, ಸ್ಕೇಲ್ ಇಟ್ಟು ಫೋಟೋ ಕಳಿಸಿ ಅನ್ನಿ, ಕಳಿಸದಿದ್ರೆ ಹೋಗಬೇಡಿ. ಕಳಿಸಿಬಿಟ್ಟಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾವು ನಾಚಿಕೆಗೆ ಬಾಯಿ ಮುಚ್ಚಿಕೊಂಡು ಮೂರು ದಿನ ಕಳೆದ್ವಿ, ಅದೇ ತಪ್ಪಾಯ್ತು.

ಅದೇ ಪೋಸ್ಟರ್ ಈಗ ತಾರೀಖು ಬದಲಾಯಿಸಿ ಹೊಸನಗರದ ಗ್ರೂಪ್‌ಗಳಲ್ಲಿ ಓಡ್ತಿದೆ. ಕೆಳಗಿನ ಫೋನ್‌ಪೇ ನಂಬರ್ ಮಾತ್ರ ಬೇರೆ.